ಲಿಬ್ರೆವಿಲ್‌ಗೆ ತಡವಾಗಿ ಬಂದ ನಾಯಕ

2012ರ ಆಫ್ರಿಕಾ ಕಪ್ ಫುಟ್‌ಬಾಲನ್ನು ಎರಡು ದೇಶಗಳು ಹಂಚಿಕೊಂಡು ನಡೆಸಿದವು. ಒಂದು ಈಕ್ವೆಟೋರಿಯಲ್ ಗಿನಿ, ಇನ್ನೊಂದು ಪಕ್ಕದ ಗಬಾನ್. ಜಾಂಬಿಯಾದ ಪಾಲಿಗೆ ಬಂದ ಪಂದ್ಯಗಳೆಲ್ಲ ಮೊದಲನೆಯ ದೇಶದ ಬಾಟಾ ಮತ್ತು ಮಲಾಬೊ ಊರುಗಳಲ್ಲಿದ್ದವು. ಗಬಾನಿನ ರಾಜಧಾನಿ ಲಿಬ್ರೆವಿಲ್‌ನಲ್ಲಿ ನಡೆಯಬೇಕಿದ್ದದ್ದು ಫೈನಲ್. ಗೆಲ್ಲುತ್ತಲೇ ಹೋದರೆ ಆ ಊರು, ನಡುವೆ ಎಲ್ಲಿ ಎಡವಿದರೂ ಅಲ್ಲಿಂದಲೇ ಮನೆಯ ದಾರಿ.

ಫೆಬ್ರುವರಿ 8ರಂದು ಬಾಟಾದಲ್ಲಿ ಘಾನಾ ಎದುರು ಸೆಮಿಫೈನಲ್. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಘಾನಾಕ್ಕೆ ಪೆನಾಲ್ಟಿ ಸಿಕ್ಕಿತು. ಅಸಮೋವಾ ಗ್ಯಾನ್ ಒದ್ದ ಚೆಂಡನ್ನು ಗೋಲ್‌ಕೀಪರ್ ಕೆನೆಡಿ ಮ್ವೀನೆ ತಡೆದ. ಕೊನೆಯ ಕಾಲು ಗಂಟೆಯಲ್ಲಿ, ಬದಲಿಯಾಗಿ ಇಳಿದಿದ್ದ ಇಮ್ಯಾನುವೆಲ್ ಮಯುಕಾ ಒಂದೇ ಒಂದು ಗೋಲು ಹೊಡೆದ. ಅಲ್ಲಿಗೆ ಲಿಬ್ರೆವಿಲ್ ಖಾತ್ರಿಯಾಯಿತು.

ತಂಡದ ಜೊತೆಗಿದ್ದ ಜಾಂಬಿಯಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಕಲುಶಾ ಬ್ವಾಲ್ಯಾ ಅವರಿಗೆ ಆಗ 48 ವರ್ಷ. ಹತ್ತೊಂಬತ್ತು ವರ್ಷಗಳ ಹಿಂದೆ ಅದೇ ಲಿಬ್ರೆವಿಲ್‌ನಿಂದ ಮೇಲೆದ್ದ ಒಂದು ವಿಮಾನ ಕೆಲವೇ ನಿಮಿಷಗಳಲ್ಲಿ ಕಡಲಿಗೆ ಬಿದ್ದಿತ್ತು. ಅದರಲ್ಲಿದ್ದದ್ದು ಜಾಂಬಿಯಾದ ರಾಷ್ಟ್ರೀಯ ತಂಡ. ಆ ತಂಡದ ನಾಯಕ ಕಲುಶಾ. ವಿಮಾನದಲ್ಲಿ ಅವರಿರಲಿಲ್ಲ.

ಈ ಕತೆಯನ್ನು ತಾಮ್ರದಿಂದಲೇ ಶುರು ಮಾಡಬೇಕು. ಕಲುಶಾ ಹುಟ್ಟಿದ್ದು 1963ರ ಆಗಸ್ಟ್ 16ರಂದು, ಮುಫುಲಿರಾ ಎಂಬ ಗಣಿಯೂರಿನಲ್ಲಿ. ಆಗ ಆ ದೇಶದ ಹೆಸರು ಉತ್ತರ ರೊಡೇಷಿಯಾ. ಹುಡುಗನಿಗೆ ಒಂದು ವರ್ಷ ಎರಡು ತಿಂಗಳಾದಾಗ, 1964ರ ಅಕ್ಟೋಬರ್ 24ರಂದು, ಅದು ಜಾಂಬಿಯಾ ಆಯಿತು. ಅದೇ ದಿನ ಟೋಕಿಯೊ ಒಲಿಂಪಿಕ್ಸ್ ಮುಗಿದದ್ದು. ಉತ್ತರ ರೊಡೇಷಿಯಾದವರಾಗಿ ಬಂದಿದ್ದ ಕ್ರೀಡಾಪಟುಗಳು ಸಮಾರೋಪದಲ್ಲಿ ಜಾಂಬಿಯಾದ ಬಾವುಟ ಹಿಡಿದು ನಡೆದರು. ಕಲುಶಾ ತಮ್ಮ ದೇಶಕ್ಕಿಂತ ತುಸು ಹಿರಿಯರು.

ಕಾಂಗೊ ಗಡಿಗೆ ಅಂಟಿಕೊಂಡ ಆ ಸೀಮೆಯನ್ನು ಕಾಪರ್‌ಬೆಲ್ಟ್ ಎನ್ನುತ್ತಾರೆ. ಕಿಟ್ವೆ, ಎಂಡೋಲಾ, ಚಿಂಗೋಲಾ, ಮುಫುಲಿರಾ, ಎಲ್ಲವೂ ನೆಲದಡಿಯ ತಾಮ್ರಕ್ಕಾಗಿ ಎದ್ದ ಊರುಗಳು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಫುಟ್‌ಬಾಲ್ ಮೈದಾನವೂ ಕಂಪನಿಯದು. ಗಣಿಗಳು ಸರ್ಕಾರದ ಕೈಗೆ ಬಂದ ಮೇಲೂ ಈ ವ್ಯವಸ್ಥೆ ಹಾಗೇ ನಡೆಯಿತು. ಚೆನ್ನಾಗಿ ಆಡುವ ಹುಡುಗನ ಹೆಸರು ಗಣಿಯ ಸಂಬಳದ ಪಟ್ಟಿಗೆ ಸೇರುತ್ತಿತ್ತು, ಸಂಜೆ ಅಭ್ಯಾಸಕ್ಕೆ ಬಿಡುವು ಸಿಗುತ್ತಿತ್ತು. ಮುಫುಲಿರಾ ವಾಂಡರರ್ಸ್, ಕಿಟ್ವೆಯ ಎನ್ಕಾನಾದಂಥ ಕ್ಲಬ್‌ಗಳು ಬೆಳೆದದ್ದು ಹೀಗೆ.

ಆ ಗಣಿಗೆ ಇನ್ನೊಂದು ಮುಖವೂ ಇತ್ತು. 1970ರ ಸೆಪ್ಟೆಂಬರ್ 25ರ ನಸುಕಿನಲ್ಲಿ, ಅದಿರು ತೆಗೆದ ಮೇಲೆ ಉಳಿಯುವ ಕೆಸರನ್ನು ತುಂಬಿಟ್ಟಿದ್ದ ಕಟ್ಟೆಯ ತಳ ಕುಸಿದು ಆ ಕೆಸರೆಲ್ಲ ಮುಫುಲಿರಾ ಗಣಿಯೊಳಕ್ಕೆ ನುಗ್ಗಿತು. ರಾತ್ರಿ ಪಾಳಿಯ 89 ಜನ ಸತ್ತರು. ಕಲುಶಾಗೆ ಆಗ ಏಳು ವರ್ಷ. ಕೆಲಸಕ್ಕೆ ಹೋದವರು ಒಂದೇ ರಾತ್ರಿಯಲ್ಲಿ ಇಲ್ಲವಾಗುವುದನ್ನು ಆ ಊರು ಆಗಲೇ ಒಮ್ಮೆ ಕಂಡಿತ್ತು.

ದೇಶದ ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ಅವರಿಗೆ ಫುಟ್‌ಬಾಲ್ ಹುಚ್ಚು. ರಾಷ್ಟ್ರೀಯ ತಂಡವನ್ನು ಜನ ಅವರ ಹೆಸರಿನ ಮೊದಲಕ್ಷರ ಹಿಡಿದು 'ಕೆಕೆ ಇಲೆವನ್' ಎಂದೇ ಕರೆಯುತ್ತಿದ್ದರು. ತಾಮ್ರಕ್ಕೆ ಬೆಲೆ ಇದ್ದಷ್ಟು ದಿನ ಎಲ್ಲವೂ ನಡೆಯಿತು. ಎಪ್ಪತ್ತರ ದಶಕದ ನಡುವಿನಲ್ಲಿ ಬೆಲೆ ಬಿತ್ತು, ಆಮೇಲೆ ಬಹುಕಾಲ ಏಳಲಿಲ್ಲ. ದೇಶ ಸಾಲಕ್ಕೆ ಬಿತ್ತು. 1991ರ ಚುನಾವಣೆಯಲ್ಲಿ ಕೌಂಡಾ ಸೋತರು, ತಂಡದ ಹೆಸರೂ ಬದಲಾಯಿತು: ಚಿಪೊಲೊಪೊಲೊ, ತಾಮ್ರದ ಗುಂಡುಗಳು. ತಾಮ್ರ ಕೈಕೊಟ್ಟ ಕಾಲದಲ್ಲೇ ತಂಡ ತಾಮ್ರದ ಹೆಸರು ಹೊತ್ತುಕೊಂಡಿತು.

ಮುಫುಲಿರಾ ವಾಂಡರರ್ಸ್‌ನಲ್ಲಿ ಹೆಸರು ಮಾಡಿದ ಕಲುಶಾ 1985ರಲ್ಲಿ ಬೆಲ್ಜಿಯಂಗೆ ಹೋಗಿ ಸರ್ಕಲ್ ಬ್ರೂಜ್ ಸೇರಿದರು. ಎಡಗಾಲಿನ ಆಟಗಾರ. ಓಟಕ್ಕಿಂತ ಹೆಚ್ಚಾಗಿ ಫ್ರೀ ಕಿಕ್‌ಗೆ ಹೆಸರಾದರು. ಜಗತ್ತು ಆ ಎಡಗಾಲನ್ನು ಕಂಡದ್ದು 1988ರ ಸೆಪ್ಟೆಂಬರ್ 19ರಂದು, ಸೋಲ್ ಒಲಿಂಪಿಕ್ಸ್‌ನಲ್ಲಿ, ದಕ್ಷಿಣ ಕೊರಿಯಾದ ಗ್ವಾಂಗ್‌ಜು ಮೈದಾನದಲ್ಲಿ.

ಎದುರಿಗಿದ್ದದ್ದು ಇಟಲಿ. ಒಲಿಂಪಿಕ್ಸ್ ತಂಡವೆಂದರೆ ಎಳೆಯರ ತಂಡ ಎಂದುಕೊಳ್ಳಬಾರದು. ಗೋಲಿನಲ್ಲಿ ಯುವೆಂಟಸ್‌ನ ಸ್ಟೆಫಾನೊ ತಕೋನಿ, ರಕ್ಷಣೆಯಲ್ಲಿ ತಸ್ಸೋತಿ, ಫೆರಾರಾ, ಎಲ್ಲರೂ ಇಟಲಿಯ ಮೊದಲ ದರ್ಜೆಯ ಲೀಗಿನವರು. ಜಾಂಬಿಯಾ ತಂಡದ ಬಹುಪಾಲು ಹುಡುಗರು ಊರಿನ ಕ್ಲಬ್‌ಗಳವರು. ಅವರನ್ನು ಕಟ್ಟಿದ್ದ ತರಬೇತುದಾರ ಸ್ಯಾಮ್ಯುಯೆಲ್ ಎನ್ಡ್ಲೋವು ಕೂಡ ಮುಫುಲಿರಾ ವಾಂಡರರ್ಸ್‌ನ ಹಳೆಯ ಹುಲಿ. ಪಂದ್ಯ 4-0ಯಲ್ಲಿ ಮುಗಿಯಿತು. ಗೆದ್ದದ್ದು ಜಾಂಬಿಯಾ. ಮೂರು ಗೋಲು ಕಲುಶಾ ಅವರದು, ಒಂದು ಜಾನ್ಸನ್ ಬ್ವಾಲ್ಯಾ ಅವರದು. ಇಬ್ಬರ ಹೆಸರೂ ಬ್ವಾಲ್ಯಾ, ಸಂಬಂಧಿಕರಲ್ಲ. ಮುಂದೆ ಗ್ವಾಟೆಮಾಲಾವನ್ನೂ 4-0ಯಲ್ಲೇ ಸೋಲಿಸಿ, ಕ್ವಾರ್ಟರ್ ಫೈನಲ್‌ನಲ್ಲಿ ಕ್ಲಿನ್ಸ್‌ಮನ್ ಇದ್ದ ಪಶ್ಚಿಮ ಜರ್ಮನಿಗೆ ಅಷ್ಟೇ ಗೋಲುಗಳಿಂದ ಸೋತು ಮರಳಿದರು. ಆ ವರ್ಷ ಕಲುಶಾ ಆಫ್ರಿಕಾದ ಅತ್ಯುತ್ತಮ ಆಟಗಾರ.

ಅಲ್ಲಿಂದ ಹಾಲೆಂಡಿನ ಪಿಎಸ್‌ವಿ ಐಂಡ್‌ಹೋವನ್. ಜೊತೆಗೆ ಬ್ರೆಜಿಲ್‌ನ ರೊಮಾರಿಯೊ, ಎರಡು ವರ್ಷ ಬಾಬಿ ರಾಬ್ಸನ್ ತರಬೇತಿ, 1991 ಮತ್ತು 1992ರಲ್ಲಿ ಡಚ್ ಲೀಗ್ ಪ್ರಶಸ್ತಿ. ದೇಶಕ್ಕೆ ಆಡಬೇಕಾದಾಗ ಯುರೋಪಿನಿಂದ ಹಾರಿಬಂದು ತಂಡವನ್ನು ಸೇರಿಕೊಳ್ಳುವುದು, ಮುಗಿದ ಕೂಡಲೇ ಮರಳುವುದು. 1993ರಲ್ಲಿ ಅವರ ಜೀವ ಉಳಿಸಿದ್ದು ಈ ಓಡಾಟವೇ.

ಆ ವರ್ಷದ ಏಪ್ರಿಲ್ 25ರಂದು ಜಾಂಬಿಯಾ ಮಾರಿಷಸ್‌ಗೆ ಹೋಗಿ 3-0ಯಲ್ಲಿ ಗೆದ್ದಿತು. ಮೂರೂ ಗೋಲು ಕೆಲ್ವಿನ್ ಮುಟಾಲೆ ಅವರದು. ಮುಂದಿನ ಪಂದ್ಯ ಡಕಾರ್‌ನಲ್ಲಿ, ಸೆನೆಗಲ್ ವಿರುದ್ಧ, 1994ರ ವಿಶ್ವಕಪ್ ಅರ್ಹತೆಗಾಗಿ. ಖಂಡದ ಆಗ್ನೇಯದ ದ್ವೀಪದಿಂದ ಪಶ್ಚಿಮದ ತುದಿಗೆ ಹೋಗಬೇಕು. ಟಿಕೆಟ್ ತೆಗೆಸಲು ಸಂಸ್ಥೆಯ ಬಳಿ ಹಣವಿರಲಿಲ್ಲ. ಹೀಗಾಗಿ ವಾಯುಪಡೆಯ ಸಾಗಣೆ ವಿಮಾನವೇ ತಂಡದ ವಾಹನ: ಎರಡು ಎಂಜಿನ್‌ನ, 1975ರ ಬಫೆಲೊ, ಎಎಫ್-319. ಸರಕು, ಸೈನಿಕರನ್ನು ಸಾಗಿಸಲು ಮಾಡಿದ್ದು. ದೂರ ಹಾರುವ ಇಂಧನ ಸಾಮರ್ಥ್ಯ ಅದಕ್ಕಿರಲಿಲ್ಲ. ಲುಸಾಕಾದಿಂದ ಡಕಾರ್‌ಗೆ ನಡುವೆ ಬ್ರಾಝವಿಲ್, ಲಿಬ್ರೆವಿಲ್, ಅಬಿಜಾನ್ ಮೂರೂ ಕಡೆ ಇಳಿದು ಎಣ್ಣೆ ತುಂಬಿಸಬೇಕಿತ್ತು. ವಿಮಾನ ತಿಂಗಳುಗಟ್ಟಲೆ ನಿಂತಿತ್ತು. ಅದೇ ಏಪ್ರಿಲಿನ ಕೊನೆಯಲ್ಲಷ್ಟೇ ಮತ್ತೆ ಹಾರಿಸಿ ನೋಡಿದ್ದರು. ಎಂಜಿನ್‌ನಲ್ಲಿ ದೋಷಗಳಿರುವುದೂ ಕಂಡಿತ್ತು. ಪೈಲಟ್ ಹಿಂದಿನ ದಿನವಷ್ಟೇ ತಂಡವನ್ನು ಮಾರಿಷಸ್‌ನಿಂದ ಕರೆತಂದು ದಣಿದಿದ್ದರು. ಆದರೂ ಹೊರಟರು.

ಏಪ್ರಿಲ್ 27ರ ರಾತ್ರಿ ಲಿಬ್ರೆವಿಲ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿಗೆ ಎಡಗಡೆಯ ಎಂಜಿನ್‌ಗೆ ಬೆಂಕಿ ಹತ್ತಿ ನಿಂತಿತು. ಸೂಚಕ ದೀಪ ಸರಿಯಿರಲಿಲ್ಲ. ದಣಿದ ಪೈಲಟ್ ಚೆನ್ನಾಗಿದ್ದ ಬಲಗಡೆಯ ಎಂಜಿನನ್ನು ಆರಿಸಿಬಿಟ್ಟರು. ವಿಮಾನ ದಡದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ನೀರಿಗೆ ಬಿತ್ತು. ಮೂವತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈ ವಿವರ ಜನರ ಮುಂದೆ ಬರಲು ಹತ್ತು ವರ್ಷ ಬೇಕಾಯಿತು.

ಸತ್ತವರಲ್ಲಿ ಆಟಗಾರರು ಹದಿನೆಂಟು ಮಂದಿ. ಗ್ವಾಂಗ್‌ಜುವಿನಲ್ಲಿ ಗೋಲು ಕಾದಿದ್ದ ಎಫರ್ಡ್ ಚಬಾಲಾ, ಡರ್ಬಿ ಮಕಿಂಕಾ, ವಿಸ್ಡಮ್ ಚನ್ಸಾ, ಎರಡು ದಿನ ಹಿಂದೆ ಮೂರು ಗೋಲು ಹೊಡೆದಿದ್ದ ಮುಟಾಲೆ. ತರಬೇತುದಾರ ಗಾಡ್‌ಫ್ರೀ ಚಿಟಾಲು, ಸಹಾಯಕ ಅಲೆಕ್ಸ್ ಚೋಲಾ. ಚಿಟಾಲು ಸಾಮಾನ್ಯರಲ್ಲ: 1972ರ ಒಂದೇ ವರ್ಷದಲ್ಲಿ ಅವರು 107 ಗೋಲು ಹೊಡೆದರೆಂದು ಜಾಂಬಿಯಾದವರು ಇಂದಿಗೂ ಲೆಕ್ಕ ಮುಂದಿಡುತ್ತಾರೆ. ಸಂಸ್ಥೆಯ ಅಧ್ಯಕ್ಷ ಮೈಕಲ್ ಮ್ವಾಪೆಯವರೂ ಅದೇ ವಿಮಾನದಲ್ಲಿದ್ದರು. ಮುಂದೆ ಕಲುಶಾ ಕೂತದ್ದು ಅವರ ಕುರ್ಚಿಯಲ್ಲಿ.

ಕಲುಶಾ ಐಂಡ್‌ಹೋವನ್‌ನಿಂದ ನೇರವಾಗಿ ಡಕಾರ್‌ಗೆ ಬಂದು ತಂಡವನ್ನು ಸೇರಬೇಕಿತ್ತು. ಬೆಳಿಗ್ಗೆ ಜಾಂಬಿಯಾದಿಂದ ಫೋನ್ ಬಂತು. ಆಂಡರ್‌ಲೆಕ್ಟ್‌ನಲ್ಲಿದ್ದ ಚಾರ್ಲ್ಸ್ ಮುಸೊಂಡಾ, ಸ್ವಿಟ್ಜರ್ಲೆಂಡ್‌ನಲ್ಲಿದ್ದ ಜಾನ್ಸನ್ ಬ್ವಾಲ್ಯಾ ಹೀಗೆ ಹೊರದೇಶದಲ್ಲಿದ್ದ ಕೆಲವರಷ್ಟೇ ಉಳಿದಿದ್ದರು. ಲುಸಾಕಾದ ಇಂಡಿಪೆಂಡೆನ್ಸ್ ಸ್ಟೇಡಿಯಂನಲ್ಲಿ ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಪಂದ್ಯಗಳ ದಿನ ತುಂಬುತ್ತಿದ್ದ ಮೈದಾನ ಅಂದೂ ತುಂಬಿತ್ತು. ಹೊರಗೆ, ಸ್ಟೇಡಿಯಂನ ಮಗ್ಗುಲಲ್ಲೇ ಸಮಾಧಿ ಮಾಡಿದರು.

ಆಮೇಲೆ ಜಾಂಬಿಯಾದವರು ಮಾಡಿದ ಒಂದು ನಿರ್ಧಾರ ಹೊರನೋಟಕ್ಕೆ ವಿಚಿತ್ರ. ವಿಶ್ವಕಪ್ ಅರ್ಹತಾ ಪಂದ್ಯಗಳಿಂದ ಹಿಂದೆ ಸರಿಯಲಿಲ್ಲ. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿದರು. ಡೆನ್ಮಾರ್ಕ್ ತನ್ನಲ್ಲಿಗೆ ಕರೆಸಿಕೊಂಡು ತರಬೇತಿ ಕೊಡಿಸಿತು, ರೋಆಲ್ಡ್ ಪೋಲ್ಸನ್ ಎಂಬ ತರಬೇತುದಾರರನ್ನೂ ಒದಗಿಸಿತು. ಅಪಘಾತವಾಗಿ ಹತ್ತು ವಾರವೂ ತುಂಬಿರಲಿಲ್ಲ. ಜುಲೈ 4ರಂದು ಲುಸಾಕಾದಲ್ಲಿ, ಸಮಾಧಿಗಳ ಪಕ್ಕದ ಅದೇ ಮೈದಾನದಲ್ಲಿ, ಮೊರಾಕೊ ಎದುರು ಪಂದ್ಯ. ಮೊದಲ ಗೋಲು ಮೊರಾಕೊದ್ದು. ದ್ವಿತೀಯಾರ್ಧದಲ್ಲಿ ಫ್ರೀ ಕಿಕ್ ಸಿಕ್ಕಿತು, ಕಲುಶಾ ಎಡಗಾಲಿನಿಂದ ಸಮ ಮಾಡಿದರು. ಇನ್ನೊಂದನ್ನು ಜಾನ್ಸನ್ ಹೊಡೆದರು. 2-1. ಗ್ವಾಂಗ್‌ಜುವಿನ ಆ ಇಬ್ಬರು ಬ್ವಾಲ್ಯಾಗಳೇ ಮತ್ತೆ.

ಇಲ್ಲಿಂದ ವಿಶ್ವಕಪ್‌ವರೆಗೆ ಹೋಗಿದ್ದರೆ ಸಿನಿಮಾ ಆಗುತ್ತಿತ್ತು. ಹೋಗಲಿಲ್ಲ. ಕೊನೆಯ ಪಂದ್ಯ ಅಕ್ಟೋಬರ್ 10ರಂದು ಕಾಸಾಬ್ಲಾಂಕಾದಲ್ಲಿ, ಮತ್ತೆ ಮೊರಾಕೊ. ಡ್ರಾ ಆಗಿದ್ದರೆ ಸಾಕಿತ್ತು, 0-1ರಲ್ಲಿ ಸೋತರು. ರೆಫರಿ ಗಬಾನಿನವರು! ಅವರ ತೀರ್ಪುಗಳ ಬಗ್ಗೆ ಜಾಂಬಿಯಾದಲ್ಲಿ ಸಿಟ್ಟು ಬಹುಕಾಲ ಉಳಿಯಿತು. ಆರು ತಿಂಗಳ ಬಳಿಕ ಟ್ಯುನಿಸ್‌ನಲ್ಲಿ ಆಫ್ರಿಕಾ ಕಪ್ ಫೈನಲ್. ಎಲೈಜಾ ಲಿಟಾನಾ ಆರಂಭದಲ್ಲೇ ಗೋಲು ಹೊಡೆದರೂ ನೈಜೀರಿಯಾದ ಅಮುನಿಕೆ ಎರಡು ಹೊಡೆದು ಕಪ್ ಒಯ್ದರು. ನನಗೆ ಈ ಸೋಲುಗಳೇ ಹೆಚ್ಚು ದೊಡ್ಡವಾಗಿ ಕಾಣುತ್ತವೆ. ಹತ್ತು ವಾರದಲ್ಲಿ ಜೋಡಿಸಿದ ತಂಡ ಖಂಡದ ಎರಡನೆಯ ಸ್ಥಾನಕ್ಕೆ ಬಂದದ್ದು ಪವಾಡವಲ್ಲದೆ ಇನ್ನೇನು? ಆದರೆ ಸತ್ತವರ ಹೆಸರಲ್ಲಿ ಆಡುವಾಗ ಎರಡನೆಯ ಸ್ಥಾನವೂ ಸಾಲವಾಗಿಯೇ ಉಳಿಯುತ್ತದೆ. 1996ರ ಆಫ್ರಿಕಾ ಕಪ್‌ನಲ್ಲಿ ಕಲುಶಾ ಐದು ಗೋಲು ಹೊಡೆದು ಅಗ್ರಸ್ಥಾನ ಪಡೆದರು, ತಂಡ ಮೂರನೆಯದಾಯಿತು. ಕ್ಲಬ್ ಫುಟ್‌ಬಾಲಿನಲ್ಲಿ ಉಳಿದ ವರ್ಷಗಳ ಬಹುಪಾಲು ಮೆಕ್ಸಿಕೊದಲ್ಲಿ ಕಳೆಯಿತು. ಅದೂ ಒಳ್ಳೆಯ ಕತೆಯೇ, ಇಲ್ಲಿಯದಲ್ಲ.

2003ರಲ್ಲಿ ತಂಡದ ತರಬೇತುದಾರರಾದರು. ಆಟಗಾರರ ಪಟ್ಟಿಯಿಂದ ಹೆಸರನ್ನು ಪೂರ್ತಿ ಅಳಿಸಿಕೊಂಡಿರಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಲೈಬೀರಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ಗೋಲಿಲ್ಲದೆ ಮುಗಿಯುವಂತಿತ್ತು. 41 ವರ್ಷದ ತರಬೇತುದಾರ ತನ್ನನ್ನೇ ಬದಲಿ ಆಟಗಾರನಾಗಿ ಕಳಿಸಿಕೊಂಡರು. ಫ್ರೀ ಕಿಕ್, ಎಡಗಾಲು, ಗೋಲು, 1-0. ಮರುದಿನ ಮತ್ತೆ ತರಬೇತುದಾರ. ಅವರು ಕುರ್ಚಿಯಲ್ಲಿದ್ದ ಕಾಲದ ಬಗ್ಗೆ ಓದುವಾಗೆಲ್ಲ ನನಗೆ ಈ ಫ್ರೀ ಕಿಕ್ ನೆನಪಾಗುತ್ತದೆ. ತಾನೇ ಇಳಿದು ಒದ್ದರೆ ಕೆಲಸ ಮುಗಿಯುತ್ತದೆ ಎಂಬ ಅಭ್ಯಾಸ ಕಚೇರಿಯಲ್ಲಿ ಎಷ್ಟು ದಿನ ನಡೆದೀತು? ಆ ಸಲವೂ ವಿಶ್ವಕಪ್ ಸಿಗಲಿಲ್ಲ. 2006ರ ಆಫ್ರಿಕಾ ಕಪ್‌ನಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದ ಮೇಲೆ ತರಬೇತುದಾರನ ಹುದ್ದೆ ಬಿಟ್ಟರು.

2008ರಲ್ಲಿ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾದರು. ಆ ವರ್ಷವೇ ಎರ್ವೆ ರೆನಾರ್ ಎಂಬ ಫ್ರೆಂಚರನ್ನು ತರಬೇತುದಾರರಾಗಿ ತಂದರು. ಆಡುವ ದಿನಗಳಲ್ಲಿ ದೊಡ್ಡ ಹೆಸರಿಲ್ಲ; ಫ್ರಾನ್ಸಿನಲ್ಲಿ ಕಟ್ಟಡಗಳನ್ನು ಸ್ವಚ್ಛ ಮಾಡುವ ಕಂಪನಿ ನಡೆಸುತ್ತಾ ತರಬೇತಿ ಕಲಿತವರು. 2010ರಲ್ಲಿ ಕ್ವಾರ್ಟರ್ ಫೈನಲ್‌ಗೆ ಒಯ್ದು ರೆನಾರ್ ಬೇರೆಡೆ ಹೋದರು. ಬಂದವರು ಇಟಲಿಯ ದಾರಿಯೊ ಬೊನೆಟ್ಟಿ. 2011ರ ಅಕ್ಟೋಬರ್‌ನಲ್ಲಿ ಬೊನೆಟ್ಟಿ ತಂಡವನ್ನು ಆಫ್ರಿಕಾ ಕಪ್‌ಗೆ ಅರ್ಹಗೊಳಿಸಿದರು. ಕೆಲವೇ ದಿನಗಳಲ್ಲಿ ಅವರನ್ನು ತೆಗೆದು ಕಲುಶಾ ಮತ್ತೆ ರೆನಾರ್‌ರನ್ನು ಕರೆಸಿದರು. ಗೆದ್ದವನನ್ನು ಕಿತ್ತುಹಾಕುವ ಅಧ್ಯಕ್ಷ ಒಂದೋ ಬುದ್ಧಿವಂತ, ಇಲ್ಲವೇ ಹಟಮಾರಿ. ಯಾವುದೆಂದು ತೀರ್ಮಾನವಾಗಲು ನಾಲ್ಕು ತಿಂಗಳು ಹಿಡಿಯಿತು.

ಮುಂದಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. 2013ರ ಆಫ್ರಿಕಾ ಕಪ್‌ಗೆ ಹಾಲಿ ಚಾಂಪಿಯನ್ನರಾಗಿ ಹೋದ ಜಾಂಬಿಯಾ ಮೂರು ಡ್ರಾ ಮಾಡಿಕೊಂಡು ಮನೆಗೆ ಬಂತು. 2015ರಲ್ಲೂ ಒಂದೂ ಪಂದ್ಯ ಗೆಲ್ಲಲಿಲ್ಲ. 2014ರ ವಿಶ್ವಕಪ್ ದಾರಿಯನ್ನು ಘಾನಾ ಮುಚ್ಚಿತು. 2016ರ ಮಾರ್ಚ್‌ನಲ್ಲಿ ಅಧ್ಯಕ್ಷರ ಚುನಾವಣೆ. ಎದುರಾಳಿ ಆಂಡ್ರ್ಯೂ ಕಮಾಂಗಾ. ದೇಶಕ್ಕಾಗಿ ಆಡಿದವರ ಪಟ್ಟಿಯಲ್ಲಿ ಕಮಾಂಗಾ ಹೆಸರಿಲ್ಲ. ಮತ ಎಣಿಕೆಯಲ್ಲಿ ಅವರಿಗೆ 163 ಬಂತು. ಕಲುಶಾಗೆ ಬಂದದ್ದು 156. ಬೀದಿಯಲ್ಲಿ ಮತ ಹಾಕಿಸಿದ್ದರೆ ಲೆಕ್ಕ ಬೇರೆಯಿರುತ್ತಿತ್ತೇನೋ. ಆದರೆ ಫುಟ್‌ಬಾಲ್ ಸಂಸ್ಥೆಗಳಲ್ಲಿ ಮತ ಹಾಕುವವರು ಕ್ಲಬ್‌ಗಳ, ಪ್ರಾಂತ್ಯಗಳ ಪ್ರತಿನಿಧಿಗಳು; ಅವರ ದಿನನಿತ್ಯದ ಚಿಂತೆ ಬಸ್ಸಿನ ಬಾಡಿಗೆ, ರೆಫರಿಯ ಭತ್ಯೆ.

2018ರ ಆಗಸ್ಟ್‌ನಲ್ಲಿ ಫಿಫಾದ ನೈತಿಕ ಸಮಿತಿ ಕಲುಶಾ ಅವರನ್ನು ಎರಡು ವರ್ಷ ಫುಟ್‌ಬಾಲಿನಿಂದ ದೂರವಿಟ್ಟು ಒಂದು ಲಕ್ಷ ಸ್ವಿಸ್ ಫ್ರಾಂಕ್ ದಂಡ ಹಾಕಿತು. ಫಿಫಾ ಅಧ್ಯಕ್ಷ ಪದವಿಗೆ ಆಸೆಪಟ್ಟಿದ್ದ ಕತಾರಿನ ಮೊಹಮ್ಮದ್ ಬಿನ್ ಹಮ್ಮಾಮ್ ಅವರಿಂದ ಹಣ ಪಡೆದರೆಂಬುದು ಪ್ರಕರಣ. ಕಲುಶಾ ಮೇಲ್ಮನವಿ ಸಲ್ಲಿಸಿದರು. ಮೇಲ್ಮನವಿ ಸಮಿತಿ 2019ರ ಆರಂಭದಲ್ಲಿ ನಿಷೇಧವನ್ನು ಆಗಲೇ ಅನುಭವಿಸಿದ್ದ ಅವಧಿಗೆ ಇಳಿಸಿ, ದಂಡವನ್ನು ಹತ್ತು ಸಾವಿರಕ್ಕೆ ತಗ್ಗಿಸಿತು. ತೀರ್ಪು ಪೂರ್ತಿ ಅಳಿಯಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ಅತ್ತ ತಂಡ 2017, 2019, 2021ರ ಮೂರೂ ಆಫ್ರಿಕಾ ಕಪ್‌ಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಕಲುಶಾ ಹೋದರೆ ಎಲ್ಲ ಸರಿಹೋಗುತ್ತದೆ ಎಂದಿದ್ದವರ ಮಾತೂ ನಿಲ್ಲಲಿಲ್ಲ.

ಮತ್ತೆ 2012ರ ಫೆಬ್ರುವರಿಗೆ ಬರೋಣ. ಆ ಟೂರ್ನಿಯಲ್ಲಿ ಜಾಂಬಿಯಾದ ಮೊದಲ ಎದುರಾಳಿ ಸೆನೆಗಲ್, 1993ರಲ್ಲಿ ಆ ವಿಮಾನ ತಲುಪಬೇಕಿದ್ದ ದೇಶ. ಬಲಿಷ್ಠ ತಂಡವೆಂದು ಎಲ್ಲರೂ ಬೆರಳು ತೋರಿಸುತ್ತಿದ್ದ ಅದನ್ನು 2-1ರಲ್ಲಿ ಸೋಲಿಸಿಯೇ ಓಟ ಶುರುವಾಗಿತ್ತು. ಫೈನಲ್‌ಗೆ ಮುನ್ನ ತಂಡ ಲಿಬ್ರೆವಿಲ್‌ನ ಕಡಲ ದಂಡೆಗೆ ಹೋಯಿತು. ವಿಮಾನ ಬಿದ್ದ ಕಡೆಗೆ ಮುಖ ಮಾಡಿ ನಿಂತು ನೀರಿಗೆ ಹೂ ಬಿಟ್ಟರು, ಹಾಡಿದರು. ಹೆಚ್ಚಿನವರು 1993ರಲ್ಲಿ ಪುಟ್ಟ ಮಕ್ಕಳು. ಸತ್ತವರ ಮುಖ ಅವರಿಗೆ ಗೊತ್ತಿದ್ದದ್ದು ಫೋಟೊಗಳಿಂದ. ಜೊತೆಗಿದ್ದ ಅಧ್ಯಕ್ಷರಿಗೆ ಹಾಗಲ್ಲ. ಅವರೊಂದಿಗೆ ಒಂದೇ ಕೋಣೆಯಲ್ಲಿ ಜೆರ್ಸಿ ತೊಟ್ಟವರು.

ಫೆಬ್ರುವರಿ 12ರ ರಾತ್ರಿ ಎದುರಿಗೆ ಐವರಿ ಕೋಸ್ಟ್. ಡ್ರೋಗ್ಬಾ, ಯಾಯಾ ಮತ್ತು ಕೋಲೊ ತೂರೆ, ಜೆರ್ವಿನ್ಯೊ. ಟೂರ್ನಿಯುದ್ದಕ್ಕೂ ಒಂದೂ ಗೋಲು ಬಿಟ್ಟುಕೊಟ್ಟಿರದ ತಂಡ. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಜಾಂಬಿಯಾದ ಜೋಸೆಫ್ ಮುಸೊಂಡಾ ಗಾಯಗೊಂಡು ಅಳುತ್ತಾ ಹೊರಗೆ ಬಂದ. 70ನೇ ನಿಮಿಷದಲ್ಲಿ ಡ್ರೋಗ್ಬಾ ಪೆನಾಲ್ಟಿಯನ್ನು ಅಡ್ಡಪಟ್ಟಿಯ ಮೇಲೆ ಹಾರಿಸಿದರು. 120 ನಿಮಿಷವಾದರೂ 0-0.

ಪೆನಾಲ್ಟಿ ಸರದಿ. ಐವರಿ ಕೋಸ್ಟ್‌ನ ಬಾಂಬಾ ಒದ್ದದ್ದನ್ನು ಮ್ವೀನೆ ತಡೆದ. ಮೊದಲೇ ಕದಲಿದನೆಂದು ರೆಫರಿ ಮತ್ತೆ ಒದೆಸಿದರು, ಗೋಲಾಯಿತು. ಆಮೇಲೆ ಮ್ವೀನೆ ತಾನೇ ಬಂದು ಒಂದು ಹೊಡೆದ. ಏಳು ಏಳು ಸಮ. ಕೋಲೊ ತೂರೆಯ ಒದೆತವನ್ನು ಮ್ವೀನೆ ತಡೆದ. ಗೆಲ್ಲಿಸಲು ಬಂದ ರೇನ್‌ಫರ್ಡ್ ಕಲಾಬಾ ಚೆಂಡನ್ನು ಮೇಲಕ್ಕೆ ಹಾರಿಸಿಬಿಟ್ಟ. ಜೆರ್ವಿನ್ಯೊ ಕೂಡ ಗುರಿ ತಪ್ಪಿದ. ಮುಂದಿನ ಸರದಿ ಸ್ಟೊಪಿಲಾ ಸುಂಜು ಅವನದು. 1993ರ ಆ ರಾತ್ರಿ ಅವನಿಗೆ ನಾಲ್ಕು ತುಂಬಿರಲಿಲ್ಲ. ಚೆಂಡಿನ ಕಡೆಗೆ ನಡೆದು ಬರುವಾಗ ಅವನ ತುಟಿ ಆಡುತ್ತಿತ್ತು, ಹಾಡುತ್ತಿದ್ದ.

ಬಲೆಗೆ ಬಿತ್ತು. 8-7. ರೆನಾರ್ ಓಡಿಹೋಗಿ, ನಡೆಯಲಾಗದೆ ಕೂತಿದ್ದ ಮುಸೊಂಡಾನನ್ನು ತೋಳಿನಲ್ಲಿ ಎತ್ತಿಕೊಂಡು ಬಂದು ಕುಣಿಯುತ್ತಿದ್ದವರ ನಡುವೆ ಇಳಿಸಿದರು. ಲುಸಾಕಾದಲ್ಲಿ ಯಾರೋ ಒದೆತಗಳನ್ನು ಎಣಿಸಿದರು, ಮರಳಿ ಒದೆಸಿದ್ದನ್ನು ಒಂದೆಂದೇ ಹಿಡಿದು. ಸುಂಜು ಹೊಡೆದದ್ದು ಹದಿನೆಂಟನೆಯದು.